ಸರಾಸರಿ ವೇಗ

ಲೆಕ್ಕ ಸುಲಭವಾಗಲೆಂದು ನೂರಿಪ್ಪತ್ತು ಅಂತ ಬರೆದೆ.
ಕಲಬುರಗಿ ವಿಮಾನ ನಿಲ್ದಾಣದಿಂದ
ಬೀದರ ವಿಮಾನ ನಿಲ್ದಾಣಕ್ಕೆ
ಸಡಕು ಹಿಡಿದು ನೂರಿಪ್ಪತ್ತು ಕಿಲೋಮೀಟರು.
ನಾಲ್ಕು ಹೆಚ್ಚಿರಬಹುದು, ನಾಲ್ಕು ಕಡಿಮೆ;
ಕರಿ ಹಲಗೆಯ ಮೇಲೆ ತಗ್ಗು ದಿನ್ನೆ ಇರುವುದಿಲ್ಲ,
ತೊಗರಿ ಹೇರಿದ ಟ್ರ್ಯಾಕ್ಟರೂ ಅಡ್ಡ ಬರುವುದಿಲ್ಲ.

ಆ ತುದಿಯಿಂದೊಂದು ಗಾಡಿ, ಈ ತುದಿಯಿಂದೊಂದು,
ತಾಸಿಗೆ ಅರವತ್ತರ ಹಾಗೆ, ಹತ್ತಕ್ಕೆ ಹೊರಟರೆ
ಎಷ್ಟೊತ್ತಿಗೆ, ಎಲ್ಲಿ ಎದುರಾಗುತ್ತವೆ?

ಧೂಳಪ್ಪ ಕೈ ಎತ್ತಿದ:
'ಹನ್ನೊಂದಕ್ಕ, ನಮ್ಮ ಸಾಲಿ ಮುಂದ್ರಿ.'
ಸರಿ ಉತ್ತರ. ನಾವು ಕೂತದ್ದೇ ನಟ್ಟನಡುವೆ,
ಕಿಣ್ಣಿ ಸಡಕ, ಹೆಸರಿನಲ್ಲೇ ದಾರಿ ಇಟ್ಟುಕೊಂಡ ಊರು.
ಏಳನೇ ತರಗತಿ ಇಡಿಯಾಗಿ ಕಿಟಕಿಯತ್ತ ತಿರುಗಿತು
ಗಾಡಿಗಳು ಬಂದೇಬಿಟ್ಟವೆನ್ನುವ ಹಾಗೆ.

ಹಿಂದಿನ ಬೆಂಚಿನಿಂದ ರುಬಿಯಾ ಎದ್ದಳು,
ಟ್ಯಾಕ್ಸಿ ಮಸ್ತಾನಸಾಬನ ಮಗಳು.
'ಗಾಡಿ ಭರ್ತಿ ಅದನೋ ಖಾಲಿ ಅದನೋ, ಟೀಚರ್?'

ಯಾವುದಾದರೇನು, ದೂರ ಅಷ್ಟೇ ತಾನೇ ಅಂದೆ.

'ಅಲ್ರಿ. ಸವಾರಿ ಇದ್ರ ಅಬ್ಬಾ
ಎರಡೂಕಾಲು ತಾಸಿನ್ಯಾಗ ಬೀದರ ಮುಟ್ತಾರ.
ಬರ್ತಾ ನಾಕು ತಾಸು. ಒಮ್ಮೊಮ್ಮೆ ಆರು.
ಹಳ್ಳಿಖೇಡದಾಗ ನಿಂದ್ರತಾರ, ಹುಮನಾಬಾದಿನ್ಯಾಗ ನಿಂದ್ರತಾರ,
ಯಾರರ ಹತ್ತತಾರೇನಂತ ನೋಡ್ತಾರ.
ಡೀಸೆಲ್ ಉಳೀಲಿ ಅಂತ ನಲವತ್ತರ ಮ್ಯಾಲ ಒತ್ತಂಗಿಲ್ಲ.
ನಾ ಎಚ್ಚರೇ ಇರ್ತೀನ್ರಿ, ನನಗ ಗೊತ್ತದ.'

ಹುಡುಗರು ನಕ್ಕರು. ನಾನು ಸೀಮೆಸುಣ್ಣ ಮುರಿದೆ, ಬೇಕಂತಲ್ಲ.
ಪಾಠದ ಪುಸ್ತಕದಲ್ಲಿ ಹೋಗುವ ಗಾಡಿಗಳೇ ಎಲ್ಲ.
ಖಾಲಿ ಮರಳುವ ಗಾಡಿಗೆ ಸೂತ್ರವಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಗುಡುಗು:
ಬೀದರಿನ ಕಡೆಯಿಂದ ತರಬೇತಿಯ ವಿಮಾನ,
ತಗಡು ನಡುಗಿತು, ಹಾಜರಿ ಪುಸ್ತಕ ನಡುಗಿತು.
ಕಣ್ಣೆತ್ತಿ ಹುಡುಕುವುದರೊಳಗೆ ಅದು ಕಲಬುರಗಿಯ ಮೇಲಿರಬೇಕು.
ಅದಕ್ಕೆ ನಾವು ಮಧ್ಯವೂ ಅಲ್ಲ, ಊರೂ ಅಲ್ಲ,
ಒಂದು ಕೆಮ್ಮಿನಷ್ಟು ಹೊತ್ತು.

ಈ ಲೆಕ್ಕ ಪುಸ್ತಕದ್ದಲ್ಲ, ನಾನೇ ಕಟ್ಟಿದ್ದು.
ಹೋದ ಮಾರ್ಗಶಿರದಲ್ಲಿ ಸುನಂದಕ್ಕ ಬರುತ್ತೇನೆಂದಳು,
ಮಾತು ಬಿಟ್ಟು ಒಂಬತ್ತು ವರ್ಷದ ಮೇಲೆ.
ಇಳಿಯಬೇಕಾದದ್ದು ಕಲಬುರಗಿಯಲ್ಲಿ, ಇಳಿದದ್ದು ಬೀದರಿನಲ್ಲಿ;
ಟಿಕೇಟು ತೆಗೆದವನಿಗೆ ಎರಡೂ ಒಂದೇ.
ಅಲ್ಲೇ ಇರು, ನಾನೇ ಬಂದೆ ಎಂದು ಬರೆದೆ.
ಅಷ್ಟೊತ್ತಿಗೆ ಅವಳ ಫೋನು ಸತ್ತಿತ್ತು,
ಅವಳೂ ಹೊರಟಿದ್ದಳು, ಸಿಟ್ಟಿನಲ್ಲೋ ಸಡಗರದಲ್ಲೋ.

ಮಸ್ತಾನಸಾಬನ ಗಾಡಿಯಲ್ಲಿ ನಾನು ಮುಂದಿನ ಸೀಟು,
ತೊಡೆಯ ಮೇಲೆ ಕಮಲಾಪುರದ ಕೆಂಬಾಳೆಯ ಚಿಪ್ಪು,
ಚಿಕ್ಕಂದಿನಲ್ಲಿ ಸಿಪ್ಪೆ ನನಗೆ ಕೊಟ್ಟು ಹಣ್ಣು ಅವಳೇ ತಿನ್ನುತ್ತಿದ್ದಳು.
ಇದೇ ಸಾಲಿ ದಾಟುವಾಗ ಎದುರಿನಿಂದ ಬಿಳಿ ಕಾರು.
ಮಸ್ತಾನಸಾಬ ಲೈಟು ಮಿಣುಕಿಸಿದ, ಅದೂ ಮಿಣುಕಿಸಿತು.
'ಬೀದರ ಏರ್‌ಪೋರ್ಟಿನ ಯೂಸುಫ್ ಅವ, ನಮ್ಮವನೇ' ಅಂದ.
ನಾನು ಹಣ್ಣಿನ ಮೇಲಿನ ಧೂಳು ಒರೆಸುತ್ತಿದ್ದೆ.
ಒಳಗೆ ಯಾರಿದ್ದಾರೆಂದು ನೋಡಲಿಲ್ಲ.
ಅವಳೂ ಈ ಕಡೆ ನೋಡಲಿಲ್ಲವಂತೆ,
ಆಮೇಲೆ ಹೇಳಿದಳು, ಅವಳ ಊರು ಮುಟ್ಟಿದ ಮೇಲೆ, ಫೋನಿನಲ್ಲಿ.

ಗಂಟೆ ಹೊಡೆಯಿತು. ನೋಟುಬುಕ್ಕುಗಳು ಮೇಜಿಗೆ ಬಂದವು.
ಇಪ್ಪತ್ತೆಂಟರಲ್ಲಿ ಇಪ್ಪತ್ತೇಳು ಒಂದೇ ಉತ್ತರ,
ಧೂಳಪ್ಪನದನ್ನೇ ನೋಡಿ ಬರೆದದ್ದು.

ರುಬಿಯಾ ಪೆನ್ಸಿಲಿನಲ್ಲಿ, ಎರಡು ಸಲ ಅಳಿಸಿ:
'ಹನ್ನೊಂದಕ್ಕ ಎದುರ ಬರ್ತಾವ.
ನಿಂದ್ರಂಗಿಲ್ಲ.
ಲೈಟು ಹೊಡೀತಾವ.'